ಬಯಲು ಸಂಗೀತೋತ್ಸವಕ್ಕೆ ಮೊದಲ ಸಲ, ಜೊತೆಗೆ ಅಮ್ಮ ಮತ್ತು ಮಗಳು. ಎಲ್ಲಿ ನಿಲ್ಲೋದು, ಏನೇನು ನೋಡಿಕೊಳ್ಳೋದು?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಂದು ಬಯಲು ಸಂಗೀತೋತ್ಸವಕ್ಕೆ ಟಿಕೆಟ್ ತೆಗೆದಿದ್ದೇವೆ. ಎರಡು ದಿನ, ಮೂರು ವೇದಿಕೆ. ಮಧ್ಯಾಹ್ನ ಶುರುವಾಗಿ ರಾತ್ರಿ ತಡವಾಗಿ ಮುಗಿಯುತ್ತದೆ. ಹೋಗುವವರು ನಾನು, ಅಮ್ಮ, ನನ್ನ ಏಳು ವರ್ಷದ ಮಗಳು, ಮತ್ತೆ ನನ್ನ ತಮ್ಮ. ಅಮ್ಮನಿಗೆ ಅರವತ್ತೈದು. ಹಾಡು ಅಂದರೆ ಪ್ರಾಣ, ಆದರೆ ಮಂಡಿನೋವು. ತುಂಬ ಹೊತ್ತು ನಿಲ್ಲಲಾರರು.

ನಮಗೆಲ್ಲ ಕುರ್ಚಿ ಮೇಲೆ ಕೂತು ಕೇಳಿ ಅಭ್ಯಾಸ. ಬಯಲಲ್ಲಿ, ಅಷ್ಟು ಜನರ ನಡುವೆ ಇದೇ ಮೊದಲು. ತಮ್ಮ ಮಾತ್ರ ಗೇಟ್ ತೆಗೆದ ಕೂಡಲೇ ಓಡಿಹೋಗಿ ವೇದಿಕೆ ಮುಂದಿನ ಬ್ಯಾರಿಕೇಡ್ ಹಿಡಿದುಕೊಳ್ಳೋಣ ಎನ್ನುತ್ತಿದ್ದಾನೆ. ಅಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತದಂತೆ. ನಿಜವಾ? ಮಗಳ ಕಿವಿಗೆ ಏನು ಮಾಡಬೇಕು? ಬ್ಯಾಗಲ್ಲಿ ಏನಿದ್ದರೆ ಗೇಟಲ್ಲಿ ತಡೆಯುತ್ತಾರೆ? ಟಿಕೆಟ್ ಜೊತೆ ಬಂದ ಹಾಳೆಯಲ್ಲಿ "ನಿಷೇಧಿತ ವಸ್ತುಗಳನ್ನು ತರಬೇಡಿ" ಅಂತ ಇದೆ. ಯಾವುವು ಅಂತ ಮಾತ್ರ ಇಲ್ಲ! ಹೋಗಿ ಬಂದವರು ದಯವಿಟ್ಟು ಹೇಳಿ.

ಬಿಸಿಲುಕುದುರೆ:

ಕಾಲಿಗೆ ಒಗ್ಗಿದ ಹಳೇ ಶೂ ಹಾಕಿಕೊಳ್ಳಿ, ಹೊಸದು ಬೇಡ. ಚಪ್ಪಲಿ ಬೇಡವೇ ಬೇಡ, ಕಾಲು ತುಳಿಸಿಕೊಳ್ಳುತ್ತೀರಿ. ಛತ್ರಿ ಬದಲು ರೇನ್‌ಕೋಟ್. ಟಿಕೆಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಗೇಟ್ ಹತ್ತಿರ ನೆಟ್ ಕೈಕೊಡುತ್ತದೆ. ಉಳಿದದ್ದನ್ನ ಅನುಭವಸ್ಥರು ಹೇಳಲಿ.

ಫೇಡರ್:

ಅಕ್ಕ, ನಾನು ಸೌಂಡ್ ಕಡೆ ಕೆಲಸ ಮಾಡುವವನು. ಕೇಬಲ್ ಎಳೆಯೋದು, ಸ್ಪೀಕರ್ ಕಟ್ಟೋದು, ಕಾರ್ಯಕ್ರಮ ನಡೆಯುವಾಗ ಮಿಕ್ಸರ್ (ಎಲ್ಲ ಮೈಕ್, ವಾದ್ಯಗಳ ಶಬ್ದ ಬೆರೆಸಿ ಹೊಂದಿಸುವ ಯಂತ್ರ) ಪಕ್ಕ ನಿಲ್ಲೋದು. ಹಾಗಾಗಿ ನನ್ನ ಉತ್ತರ ಒಂದೇ ಕಡೆಗೆ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ: ನಿಲ್ಲುವ ಜಾಗ ಸರಿಯಾಗಿ ಆರಿಸಿಕೊಂಡರೆ ನಿಮ್ಮ ಅರ್ಧ ಪ್ರಶ್ನೆಗಳು ತಾವಾಗೇ ಬಗೆಹರಿಯುತ್ತವೆ.

ನಿಮ್ಮ ತಮ್ಮನಿಗೆ ಹೇಳಿ, ಬ್ಯಾರಿಕೇಡ್ ಹತ್ತಿರ ಚೆನ್ನಾಗಿ ಕಾಣುತ್ತದೆ, ಚೆನ್ನಾಗಿ ಕೇಳಿಸುವುದಿಲ್ಲ. ವೇದಿಕೆಯ ಎರಡೂ ಪಕ್ಕ ಮೇಲಿನಿಂದ ಸ್ಪೀಕರ್‌ಗಳ ಉದ್ದ ಸಾಲು ನೇತುಬಿಟ್ಟಿರುತ್ತಾರೆ, ಕೆಳಗೆ ಬರುತ್ತಾ ಸ್ವಲ್ಪ ಬಾಗಿರುತ್ತದೆ. ಅದರ ಹೆಚ್ಚಿನ ಪೆಟ್ಟಿಗೆಗಳು ದೂರದಲ್ಲಿ ನಿಂತವರ ಕಡೆ ಮುಖ ಮಾಡಿರುತ್ತವೆ. ಮುಂದಿನ ಸಾಲಿನವರ ತಲೆ ಮೇಲೆ ಹಾದು ಹೋಗಿಬಿಡುತ್ತದೆ ಶಬ್ದ. ಅವರಿಗಾಗಿ ವೇದಿಕೆ ಅಂಚಲ್ಲಿ ಸಣ್ಣ ಸ್ಪೀಕರ್ ಇಡುತ್ತೇವೆ. ಆದರೆ ಬಾಸ್ ಪೆಟ್ಟಿಗೆಗಳು, ಅಂದರೆ ಗುಮ್ಮೆನ್ನುವ ತಗ್ಗು ದನಿಯ ದೊಡ್ಡ ಸ್ಪೀಕರ್‌ಗಳು, ನೆಲದ ಮೇಲೆ, ಅವರ ಹೊಟ್ಟೆಯ ಮುಂದೆಯೇ ಇರುತ್ತವೆ. ಡ್ರಮ್ ನೇರವಾಗಿ ವೇದಿಕೆಯಿಂದಲೇ ಬಡಿಯುತ್ತದೆ. ಇದೆಲ್ಲದರ ನಡುವೆ ಹಾಡುವವರ ದನಿ ಹುಡುಕಬೇಕು.

ನಾವು ಹೊಂದಿಸುವುದೆಲ್ಲ ಮಿಕ್ಸರ್ ಇರುವ ಜಾಗದಿಂದ. ವೇದಿಕೆಗೆ ಎದುರಾಗಿ, ಜನರ ನಡುವೆ, ಸುತ್ತ ಬೇಲಿ ಹಾಕಿದ ಒಂದು ಡೇರೆ ಅಥವಾ ಅಟ್ಟಣಿಗೆ ಕಾಣುತ್ತದೆ. ಅಲ್ಲಿ ಕೂತವನ ಕಿವಿಗೆ ಯಾವುದು ಸರಿ ಅನಿಸುತ್ತದೋ ಅದೇ ಆ ದಿನದ ಸೌಂಡ್. ಅಂದಮೇಲೆ ಅವನ ಪಕ್ಕದಲ್ಲೇ ನಿಂತುಬಿಡಿ. ಒಂದು ಸಣ್ಣ ಗುಟ್ಟು: ಬಾಸ್ ಪೆಟ್ಟಿಗೆಗಳನ್ನು ಎಡಕ್ಕೂ ಬಲಕ್ಕೂ ಇಟ್ಟಿದ್ದರೆ ಎರಡರ ಶಬ್ದವೂ ಕೂಡಿ ನಟ್ಟನಡುವಿನ ಗೆರೆಯಲ್ಲಿ ಗುಮ್ಮೆನ್ನುವುದು ಜಾಸ್ತಿ. ಅಮ್ಮನಿಗೆ ಎದೆಯಲ್ಲಿ ಗುದ್ದಿದ ಹಾಗಾಗುತ್ತಿದ್ದರೆ ಕೆಲವು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಅಷ್ಟಕ್ಕೇ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೂ ಹಿಂದೆ ಹೋದರೆ ಕಂಬಗಳ ಮೇಲೆ ಮತ್ತೊಂದು ಸಾಲು ಸ್ಪೀಕರ್ ಇರಬಹುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ವೇದಿಕೆಯಿಂದ 68 ಮೀಟರ್ ದೂರದಲ್ಲಿ ನಿಂತವರಿಗೆ ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಅದಕ್ಕೇ ಆ ಕಂಬದ ಸ್ಪೀಕರ್‌ಗಳನ್ನೂ ಅಷ್ಟೇ ತಡ ಮಾಡಿ ಬಿಡುತ್ತೇವೆ, ಇಲ್ಲದಿದ್ದರೆ ಹಾಡಿನ ಪ್ರತಿ ಸಾಲೂ ಎರಡೆರಡು ಸಲ ಕೇಳಿಸುತ್ತದೆ. ಈ ಕಂಬಗಳ ಹಿಂದೆ ಜಾಗ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ಚಾಪೆ ಹಾಸಿ ಕೂರಲು ಅದೇ ಒಳ್ಳೆಯದು, ನಿಮ್ಮ ಅಮ್ಮನಿಗೆ ಅದೇ ಸರಿ. ಕಂಬದ ಬುಡಕ್ಕೆ ಮಾತ್ರ ಅಂಟಿಕೊಳ್ಳಬೇಡಿ.

ಮಿಕ್ಸರ್ ಪಕ್ಕ ಅಥವಾ ಅದರ ಹಿಂದೆ ನಿಂತರೆ ಇನ್ನೊಂದು ಲಾಭ. ಹೊರಗೆ ಹೋಗುವ ದಾರಿ, ನೀರಿನ ನಲ್ಲಿ, ಶೌಚಾಲಯ, ಪ್ರಥಮ ಚಿಕಿತ್ಸೆಯ ಡೇರೆ ಎಲ್ಲ ಸಾಮಾನ್ಯವಾಗಿ ಬಯಲಿನ ಹಿಂಬದಿಗೋ ಅಂಚಿಗೋ ಇರುತ್ತವೆ. ಮುಂದಿನ ಸಾಲಿನಿಂದ ಮಗುವನ್ನು ಶೌಚಕ್ಕೆ ಕರೆದುಕೊಂಡು ಹೋಗೋದು ಅಂದರೆ ಜಾಗ ಬಿಟ್ಟುಕೊಟ್ಟ ಹಾಗೆಯೇ. ವಾಪಸ್ ಬರುವಷ್ಟರಲ್ಲಿ ಅಲ್ಲಿ ಬೇರೆಯವರು ನಿಂತಿರುತ್ತಾರೆ. ಅಂದಹಾಗೆ ಶೌಚಕ್ಕೆ ಹೋಗುವುದಾದರೆ ಒಬ್ಬರು ಹಾಡುತ್ತಿರುವ ಮಧ್ಯದಲ್ಲೇ ಹೋಗಿ. ಒಂದು ತಂಡ ಇಳಿದು ಇನ್ನೊಂದು ಹತ್ತುವ ಬಿಡುವಿನಲ್ಲಿ ಊರೆಲ್ಲ ಅಲ್ಲೇ ಇರುತ್ತದೆ. ಟಿಶ್ಯೂ, ಸ್ಯಾನಿಟೈಸರ್, ರಾತ್ರಿಗೆ ಸಣ್ಣ ಟಾರ್ಚ್ ಇರಲಿ.

ಗೇಟ್ ನಂಬರ್ ಎರಡು:

ನಾನು ಸ್ವಯಂಸೇವಕಿಯಾಗಿ ಗೇಟಲ್ಲಿ ಬ್ಯಾಗ್ ನೋಡುವವಳು. ಬ್ಯಾಗ್ ವಿಷಯ ನಾನು ಹೇಳುತ್ತೇನೆ.

ಉತ್ಸವದಿಂದ ಉತ್ಸವಕ್ಕೆ ನಿಯಮ ಬೇರೆ, ಆದರೆ ಇವನ್ನ ಬಹುತೇಕ ಕಡೆ ಬಿಡುವುದಿಲ್ಲ: ಗಾಜಿನ ಬಾಟಲಿ, ಚಾಕು ಕತ್ತರಿ, ಒತ್ತಿದರೆ ಚಿಮ್ಮುವ ಸ್ಪ್ರೇ ಡಬ್ಬಿ, ಸೆಲ್ಫಿ ಸ್ಟಿಕ್, ಡ್ರೋನ್, ಲೆನ್ಸ್ ಕಳಚುವ ದೊಡ್ಡ ಕ್ಯಾಮೆರಾ. ಛತ್ರಿಗೂ ಹಲವು ಕಡೆ ಬೇಡ ಎನ್ನುತ್ತೇವೆ. ಹಿಂದಿನವರಿಗೆ ವೇದಿಕೆ ಕಾಣಲ್ಲ, ಅದರ ಕಡ್ಡಿ ಪಕ್ಕದವರ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಬ್ಯಾಗ್ ಎ4 ಹಾಳೆಗಿಂತ ದೊಡ್ಡದಿರಬಾರದು ಅನ್ನುವ ನಿಯಮ ಈಗ ತುಂಬ ಕಡೆ ಇದೆ. ಪಾರದರ್ಶಕ ಬ್ಯಾಗ್ ಇದ್ದರೆ ನಮಗೂ ಬೇಗ, ನಿಮಗೂ ಬೇಗ. ನೀರಿಗೆ ಖಾಲಿ ಪ್ಲಾಸ್ಟಿಕ್ ಅಥವಾ ಮೆತ್ತನೆಯ ಬಾಟಲಿ ತನ್ನಿ, ಒಳಗೆ ತುಂಬಿಸಿಕೊಳ್ಳಬಹುದು. ಸ್ಟೀಲ್ ಬಾಟಲಿಯನ್ನ ಕೆಲವರು ಬಿಡುತ್ತಾರೆ, ಕೆಲವರು ಬಿಡಲ್ಲ.

ಅಮ್ಮನ ಮಾತ್ರೆಗಳನ್ನ ಡಬ್ಬಿಗೆ ಸುರಿದು ತರಬೇಡಿ. ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ್ ಚೀಟಿಯ ಒಂದು ಪ್ರತಿ ಜೊತೆಗಿರಲಿ. ಬಿಡಿ ಮಾತ್ರೆ ಕಂಡರೆ ನಾವು ಕೇಳಲೇಬೇಕಾಗುತ್ತದೆ, ಸುಮ್ನೆ ಹಿಂದಿನ ಸಾಲು ನಿಂತುಬಿಡುತ್ತದೆ.

ಮೇಲೆ ಒಬ್ಬರು ಸ್ಕ್ರೀನ್‌ಶಾಟ್ ಸಾಕು ಅಂದಿದ್ದಾರೆ. ಎಲ್ಲ ಕಡೆ ನಡೆಯಲ್ಲ ಅಣ್ಣ. ಕೆಲವು ಟಿಕೆಟ್‌ಗಳಲ್ಲಿ ಬಾರ್‌ಕೋಡ್ ಆಗಾಗ ತಾನೇ ಬದಲಾಗುತ್ತಿರುತ್ತದೆ, ಅದರ ಚಿತ್ರ ತೋರಿಸಿದರೆ ಯಂತ್ರ ಒಪ್ಪಲ್ಲ. ಮನೆಯಲ್ಲೇ ಟಿಕೆಟ್ ಆ್ಯಪ್ ತೆರೆದು ನೋಡಿ. ಫೋನಿನ ವ್ಯಾಲೆಟ್‌ಗೆ ಸೇರಿಸುವ ಅವಕಾಶ ಇದ್ದರೆ ಸೇರಿಸಿಕೊಳ್ಳಿ.

ಕೈಪಟ್ಟಿ (ಪ್ರವೇಶದ ಗುರುತಾಗಿ ಮಣಿಕಟ್ಟಿಗೆ ಹಾಕುವ ಪಟ್ಟಿ) ಕಟ್ಟುವಾಗ ಎಚ್ಚರ. ಬಟ್ಟೆಯದಾದರೆ ಅದರ ಗುಂಡಿ ಬಿಗಿಯುವ ಕಡೆಗಷ್ಟೇ ಜಾರುತ್ತದೆ, ಸಡಿಲಿಸಲು ಬರಲ್ಲ. ಒಂದು ಬೆರಳು ತೂರುವಷ್ಟು ಬಿಟ್ಟು ನಿಲ್ಲಿಸಿ, ಎರಡು ದಿನ ಅದೇ ಕೈಯಲ್ಲಿ ಸ್ನಾನವೂ ಆಗಬೇಕಲ್ಲ. ಒಳಗಿನ ಅಂಗಡಿಗಳ ಲೆಕ್ಕ ಕೈಪಟ್ಟಿಯ ಚಿಪ್‌ನಲ್ಲೇ ನಡೆಯುವುದಾದರೆ ಒಂದೇ ಸಲ ಜಾಸ್ತಿ ದುಡ್ಡು ತುಂಬಬೇಡಿ. ಉಳಿದದ್ದನ್ನು ವಾಪಸ್ ಕೇಳಲು ಗಡುವು ಇರುತ್ತದೆ, ಜನ ಮರೆತುಬಿಡುತ್ತಾರೆ. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಕಾರಲ್ಲಿ ಸ್ವೆಟರ್ ಇಟ್ಟು ಬಂದು ರಾತ್ರಿ ಗೇಟಲ್ಲಿ ನಮ್ಮ ಜೊತೆ ಜಗಳ ಆಡುವವರು ಪ್ರತಿ ಸಲ ಇರುತ್ತಾರೆ.

ಸಂಜೆಮಲ್ಲಿಗೆ:

ಅಬ್ಬಾ, ಇಷ್ಟೆಲ್ಲ ನನಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್! ಮಿಕ್ಸರ್ ವಿಷಯ ತಮ್ಮನಿಗೆ ಓದಿ ಹೇಳಿದೆ. "ಅವರು ಕೆಲಸ ಮಾಡುವವರು, ಅವರಿಗೇನು ಗೊತ್ತು ಮುಂದೆ ನಿಲ್ಲುವ ಮಜಾ" ಎನ್ನುತ್ತಾನೆ. ಫೇಡರ್ ಅಣ್ಣ, ಮಗಳ ಕಿವಿ ವಿಷಯ ಹೇಳಲಿಲ್ಲ ನೀವು. ಹತ್ತಿ ಇಟ್ಟರೆ ಸಾಕಾ? ಮತ್ತೆ ಗುಡುಗು ಮಳೆ ಬಂದರೆ?

ಮುಂದಿನಸಾಲು:

ತಮ್ಮನ ಪರವಾಗಿ ನಾನಿದ್ದೇನೆ! ಹಾಡುವವರ ಬೆವರು ಕಾಣುವಷ್ಟು ಹತ್ತಿರ ನಿಂತು ಒಮ್ಮೆ ಕೇಳಿ, ಆಮೇಲೆ ಮಾತಾಡೋಣ. ಸೌಂಡ್ ಪಕ್ಕಾ ಇರಬೇಕು ಅಂದರೆ ಮನೆಯಲ್ಲಿ ಹೆಡ್‌ಫೋನ್ ಇದೆಯಲ್ಲ. ಆದರೆ ಮಗುವನ್ನೂ ಅಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ಅದು ಮಾತ್ರ ನಿಜ. ತಮ್ಮ ಒಬ್ಬನೇ ಹೋಗಲಿ. ಹೊಟ್ಟೆ ತುಂಬ ತಿಂದು, ನೀರು ಕುಡಿದು, ಶೌಚ ಮುಗಿಸಿ ಹೋಗಲಿ. ಬ್ಯಾಗ್ ನಿಮ್ಮ ಹತ್ತಿರ ಬಿಟ್ಟು, ಫೋನ್ ಮುಂದಿನ ಜೇಬಲ್ಲಿ ಜಿಪ್ ಹಾಕಿ ಇಟ್ಟುಕೊಳ್ಳಲಿ. ನಟ್ಟನಡುವಿಗಿಂತ ಪಕ್ಕದ ಬದಿ ಹಿಡಿದರೆ ಕಾಣುವುದು ಸ್ವಲ್ಪ ಓರೆಯಾದರೂ ಬೇಕಾದಾಗ ಹೊರಗೆ ಬರಬಹುದು.

ಫೇಡರ್:

ಮುಂದಿನಸಾಲು ಹೇಳಿದ ಕೊನೆಯ ಮಾತು ನೂರಕ್ಕೆ ನೂರು. ಪಕ್ಕದ ಬದಿ. ಅದಕ್ಕೆ ಒಂದಿಷ್ಟು ಸೇರಿಸುತ್ತೇನೆ, ತಮ್ಮನಿಗೆ ಓದಿ ಹೇಳಿ.

ಒಂದು ಚದರ ಮೀಟರ್ ಜಾಗದಲ್ಲಿ ಐದಕ್ಕಿಂತ ಜಾಸ್ತಿ ಜನ ಸೇರಿದರೆ ಅಪಾಯ ಶುರು ಅಂತ ಜನಸಂದಣಿ ನೋಡಿಕೊಳ್ಳುವವರ ಲೆಕ್ಕ. ಒಳಗೆ ನಿಂತವನು ತಲೆ ಎಣಿಸಲಾರ. ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಆಗುತ್ತಿದೆಯಾ ನೋಡಿಕೊಳ್ಳಲಿ. ಕಷ್ಟವಾಗುತ್ತಿದ್ದರೆ, ಅಥವಾ ತಾನು ಹೆಜ್ಜೆ ಇಡದಿದ್ದರೂ ದೇಹ ಆ ಕಡೆ ಈ ಕಡೆ ತೂಗುತ್ತಿದ್ದರೆ, ಆಗಲೇ ಹೊರಡಬೇಕು. "ಇದೊಂದು ಹಾಡು ಮುಗಿಯಲಿ" ಅನ್ನಬಾರದು. ತಳ್ಳಾಟದ ವಿರುದ್ಧ ತಳ್ಳಬಾರದು. ಅಲೆ ಒಂದು ಸಲ ಬಂದು ನಿಂತಾಗ ಓರೆಯಾಗಿ ಅಂಚಿನ ಕಡೆಗೆ ಎರಡು ಹೆಜ್ಜೆ, ಮತ್ತೆ ಅಲೆ ನಿಂತಾಗ ಎರಡು ಹೆಜ್ಜೆ. ಕೈಗಳನ್ನು ಮಡಚಿ ಎದೆಯ ಮುಂದೆ ಇಟ್ಟುಕೊಂಡಿರಬೇಕು. ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ಕಾಲ್ತುಳಿತದಿಂದಲ್ಲ, ಎದೆ ಅಮುಕಿ ಉಸಿರಾಡಲು ಆಗದೆ. ಮುಷ್ಟಿಗಳ ಹಿಂದೆ ಉಳಿಯುವ ಆ ಒಂದಿಷ್ಟು ಜಾಗವೇ ಉಸಿರಿಗೆ ದಾರಿ. ಕೆಳಗೆ ಬಿದ್ದ ಫೋನ್ ಎತ್ತಲು ಬಗ್ಗಬಾರದು. 2000ದಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡ ಉತ್ಸವದಲ್ಲಿ ಒಂಬತ್ತು ಜನ ತೀರಿಕೊಂಡದ್ದು ವೇದಿಕೆಯ ಮುಂದೆಯೇ, ಹಾಡು ನಡೆಯುತ್ತಿರುವಾಗಲೇ. ಬ್ಯಾರಿಕೇಡ್ ಆಚೆ ನಿಂತ ಸಿಬ್ಬಂದಿ ಕಡೆ ಕೈ ಮಾಡಿದರೆ ಎತ್ತಿ ಹೊರಗೆ ತೆಗೆಯುತ್ತಾರೆ. ಅವರು ಅಲ್ಲಿ ನಿಂತಿರೋದೇ ಅದಕ್ಕೆ, ನಾಚಿಕೆ ಬೇಡ.

ಈಗ ಕಿವಿ. ಹತ್ತಿ ಸಾಲದು ಅಕ್ಕ, ಅದು ಶಬ್ದವನ್ನು ಹೆಚ್ಚೇನೂ ತಡೆಯಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅಂತ ಕಾರ್ಖಾನೆ ಕೆಲಸಗಾರರಿಗೆ ಒಂದು ಲೆಕ್ಕ ಇದೆ. ಅದಕ್ಕಿಂತ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತಾ ಹೋಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಇಳಿಸುತ್ತಾ ಬಂದರೆ 100ಕ್ಕೆ ಉಳಿಯುವುದು 15 ನಿಮಿಷ. ಇಂಥ ಕಾರ್ಯಕ್ರಮಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಮೇಲ್ಮಿತಿ ಎಷ್ಟು ಗೊತ್ತಾ? 15 ನಿಮಿಷದ ಸರಾಸರಿ 100 ಡೆಸಿಬೆಲ್. ಅಂದರೆ ಆ ಮಿತಿಯೊಳಗೇ ಇರುವ ಕಡೆಯಲ್ಲೂ ನಿಮ್ಮ ದಿನದ ಪಾಲು ಎರಡು ಮೂರು ಹಾಡಿಗೇ ಮುಗಿದುಹೋಗಬಹುದು. ನಾವು ದೊಡ್ಡವರು ಇಯರ್‌ಪ್ಲಗ್ ಹಾಕಿಕೊಂಡೇ ಕೆಲಸ ಮಾಡುವುದು.

ಫೋಮ್‌ನ ಇಯರ್‌ಪ್ಲಗ್ ಸಾಕು, ಆದರೆ ಹಾಕುವ ರೀತಿ ಇದೆ. ಎಷ್ಟೋ ಜನ ಕಿವಿಯ ಬಾಯಿಗೆ ಮುಚ್ಚಳದ ಹಾಗೆ ಒತ್ತಿ ಬಿಡುತ್ತಾರೆ, ಸ್ವಲ್ಪ ಹೊತ್ತಿಗೆ ಉದುರುತ್ತದೆ. ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ. ಸುಕ್ಕು ಬರದ ಹಾಗೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆ ಮೇಲಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ದಾರಿ ನೇರವಾಗುತ್ತದೆ, ಪ್ಲಗ್ ಸಲೀಸಾಗಿ ಒಳಗೆ ಹೋಗುತ್ತದೆ. ಆಮೇಲೆ ಬೆರಳಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಒಳಗೇ ಹಿಗ್ಗಿ ಕೂರುತ್ತದೆ. ನಿಮ್ಮದೇ ದನಿ ನಿಮಗೆ ಕೊಡದೊಳಗಿಂದ ಬಂದ ಹಾಗೆ ಕೇಳಿಸಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಫೋಮ್ ಹಾಕಿದರೆ ಹಾಡು ಮಂಕಾಗುತ್ತದೆ ಅನ್ನುವವರಿಗೆ ಸಂಗೀತಕ್ಕೆಂದೇ ಮಾಡಿದ ಪ್ಲಗ್ ಸಿಗುತ್ತವೆ. ಅವು ಮಂದ್ರ ತಾರ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತವೆ.

ಮಗಳಿಗೆ ಪ್ಲಗ್ ಬೇಡ, ಸಣ್ಣ ಕಿವಿಯಲ್ಲಿ ಸರಿಯಾಗಿ ಕೂರುವುದು ಕಷ್ಟ. ತಲೆ ಮೇಲಿಂದ ಹಾಕುವ ಮಕ್ಕಳ ಇಯರ್‌ಮಫ್ ತನ್ನಿ. ಮನೆಯಲ್ಲೇ ಕೆಲವು ದಿನ ಹಾಕಿಸಿ ಆಟ ಆಡಿಸಿ, ಇಲ್ಲದಿದ್ದರೆ ಅಲ್ಲಿ ಕಿತ್ತೆಸೆಯುತ್ತಾಳೆ. ಮಧ್ಯೆ ಮಧ್ಯೆ ಸ್ಪೀಕರ್‌ಗಳಿಂದ ದೂರ ಕರೆದುಕೊಂಡು ಹೋಗಿ ಕಿವಿಗೆ ಬಿಡುವು ಕೊಡಿ. ನಿಮ್ಮ ಫೋನ್ ನಂಬರನ್ನು ಅವಳ ಕೈಪಟ್ಟಿಯ ಒಳಬದಿಗೆ ಮಾಸದ ಪೆನ್ನಿನಿಂದ ಬರೆಯಿರಿ. ಆ ದಿನ ಬೆಳಿಗ್ಗೆ ಅವಳದೊಂದು ಫೋಟೋ ತೆಗೆದಿಡಿ. ಕಳೆದುಹೋದರೆ "ಏನು ಬಟ್ಟೆ ಹಾಕಿದ್ದಳು" ಅಂತಲೇ ಮೊದಲು ಕೇಳೋದು, ಗಾಬರಿಯಲ್ಲಿ ಯಾರಿಗೂ ನೆನಪಾಗಲ್ಲ.

ಗುಡುಗು: ಮಳೆಗೆ ಹೆದರಬೇಡಿ, ಮಿಂಚಿಗೆ ಹೆದರಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸುಮಾರಾಗಿ ಗೊತ್ತಾಗುತ್ತದೆ. ಆದರೆ ಲೆಕ್ಕ ಹಾಕುತ್ತಾ ನಿಲ್ಲುವುದಕ್ಕಿಂತ, ಗುಡುಗು ಕೇಳಿಸಿತು ಅಂದರೆ ಹೊರಡುವುದೇ ಸರಿ. ಗಟ್ಟಿ ಕಟ್ಟಡ ಅಥವಾ ಗಾಜು ಏರಿಸಿದ, ಲೋಹದ ಚಾವಣಿ ಇರುವ ಕಾರು. ಡೇರೆ, ಒಂಟಿ ಮರ, ಬೇಲಿ, ನಮ್ಮ ಸ್ಪೀಕರ್ ಕಂಬ ಯಾವುದೂ ಆಸರೆಯಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ವಾಪಸ್ ಬರಬೇಡಿ. ಜೋರು ಗಾಳಿ ಬಂದರೆ ನಾವು ನೇತುಹಾಕಿದ ಸ್ಪೀಕರ್‌ಗಳನ್ನು ಕೆಳಗಿಳಿಸುತ್ತೇವೆ. ಅದು ಕಂಡರೆ ಘೋಷಣೆಗೆ ಕಾಯದೆ ವೇದಿಕೆಯಿಂದ ದೂರ ಸರಿಯಿರಿ.

ಗೇಟ್ ನಂಬರ್ ಎರಡು:

ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಪ್ರಥಮ ಚಿಕಿತ್ಸೆಯ ಡೇರೆಗೆ ನಾನು ಕರೆದುಕೊಂಡು ಹೋಗುವವರಲ್ಲಿ ಜಾಸ್ತಿ ಜನ ಬಿಸಿಲಿಗೆ ಬಳಲಿದವರೇ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆಳಿಗ್ಗೆ ಹಚ್ಚಿದ್ದು ಸಂಜೆವರೆಗೆ ಉಳಿಯಲ್ಲ. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಒಂದೆರಡು ಓಆರ್‌ಎಸ್ ಪೊಟ್ಟಣ ಬ್ಯಾಗಲ್ಲಿರಲಿ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ನೆರಳಿಗೆ ಕೂರಿಸಿ, ಬಟ್ಟೆ ಸಡಿಲಿಸಿ, ನೀರು ಕೊಡಿ. ಮಾತು ತಡವರಿಸಿದರೆ, ಏನೇನೋ ಮಾತಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬೇರೆ ಹಂತ. ಸಿಬ್ಬಂದಿಯನ್ನ ಕೂಗಿ, ಅವರು ಬರುವವರೆಗೆ ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಿ.

ಅಮ್ಮನ ಮಂಡಿ ಬಗ್ಗೆ: ಮಡಚುವ ಕುರ್ಚಿಯನ್ನ ನಾವು ಗೇಟಲ್ಲಿ ಬಿಡದೇ ಇರಬಹುದು. ಆದರೆ ನಡೆಯಲು, ನಿಲ್ಲಲು ಕಷ್ಟ ಇರುವವರಿಗೆ ಎತ್ತರದ ಅಟ್ಟಣಿಗೆ, ಕೂರುವ ಜಾಗ ಅನೇಕ ಉತ್ಸವಗಳಲ್ಲಿ ಇರುತ್ತದೆ. ಗಾಲಿಕುರ್ಚಿ ಬಳಸುವವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಈಗಲೇ ಇಮೇಲ್ ಮಾಡಿ ಕೇಳಿ. ಆ ದಿನ ಬಂದು ಕೇಳಿದರೆ ಜಾಗ ತುಂಬಿರುತ್ತದೆ, ನಮಗೂ ಇಲ್ಲ ಅನ್ನಲು ಬೇಜಾರು.

ಸಂಜೆಮಲ್ಲಿಗೆ:

ಇಮೇಲ್ ಕಳಿಸಿಬಿಟ್ಟೆ! ಕೊನೆಯದಾಗಿ ಒಂದು. ತಮ್ಮ ಮುಂದೆ ಹೋದರೆ ಆಮೇಲೆ ಅವನನ್ನು ಹುಡುಕೋದು ಹೇಗೆ? ರಾತ್ರಿ ವಾಪಸ್ ಹೊರಡುವಾಗ ಗಲಾಟೆ ಹೇಗಿರುತ್ತದೆ?

ಫೇಡರ್:

ಫೋನ್ ನಂಬಬೇಡಿ. ಸಾವಿರಾರು ಜನ ಒಂದೇ ಟವರ್‌ಗೆ ಜೋತುಬಿದ್ದಿರುತ್ತಾರೆ. ಕರೆ ಹೋಗಲ್ಲ, ವಾಟ್ಸಾಪ್ ಸುತ್ತುತ್ತಾ ಇರುತ್ತದೆ. ಅಂಥ ಹೊತ್ತಲ್ಲಿ ಸಾದಾ ಎಸ್ಸೆಮ್ಮೆಸ್ ಒಮ್ಮೊಮ್ಮೆ ದಾಟಿಕೊಳ್ಳುತ್ತದೆ. ಸಿಗ್ನಲ್ ಹುಡುಕುತ್ತಾ ಫೋನಿನ ಚಾರ್ಜ್ ಬೇಗ ಇಳಿಯುತ್ತದೆ, ಬೇಡದಾಗ ಏರೋಪ್ಲೇನ್ ಮೋಡ್‌ಗೆ ಹಾಕಿ. ಪವರ್ ಬ್ಯಾಂಕ್ ತಮ್ಮನ ಹತ್ತಿರ ಅಲ್ಲ, ನಿಮ್ಮ ಹತ್ತಿರ ಇರಲಿ.

ಒಳಗೆ ಹೋದ ಕೂಡಲೇ ನಾಲ್ಕೂ ಜನ ಒಟ್ಟಿಗೆ ಒಂದು ಜಾಗಕ್ಕೆ ನಡೆದುಕೊಂಡು ಹೋಗಿ ನಿಂತು ನೋಡಿ. "ವೇದಿಕೆ ಎಡಕ್ಕೆ" ಅಂತ ಬಾಯಲ್ಲಿ ಹೇಳಿದರೆ ಆಗಲ್ಲ, ನೋಡುವವರ ಎಡ ಬೇರೆ, ಹಾಡುವವರ ಎಡ ಬೇರೆ. ಕತ್ತಲಲ್ಲೂ ಕಾಣುವ, ಜಾಗ ಬಿಟ್ಟು ಅಲುಗದ ಗುರುತು ಇರಲಿ. ದೀಪದ ಕಂಬ, ನಂಬರ್ ಬರೆದ ಗೇಟ್, ಪ್ರಥಮ ಚಿಕಿತ್ಸೆಯ ಡೇರೆ. ಯಾರೋ ಹಿಡಿದ ಬಾವುಟ, ತಳ್ಳುಗಾಡಿ ಬೇಡ. ಜಾಗದ ಜೊತೆ ಹೊತ್ತೂ ನಿಗದಿ ಮಾಡಿ. ಇಂಥ ತಂಡ ಮುಗಿದ ಕೂಡಲೇ ಅನ್ನಬೇಡಿ, ವೇದಿಕೆಯ ವೇಳಾಪಟ್ಟಿ ಜಾರುತ್ತಲೇ ಇರುತ್ತದೆ, ನಮ್ಮಿಂದಲೇ ಜಾರುವುದು ಜಾಸ್ತಿ! ಗಡಿಯಾರದ ಹೊತ್ತನ್ನೇ ಹೇಳಿ.

ಹೊರಡುವ ವಿಷಯ. ಕೊನೆಯ ಹಾಡಿಗೆ ಎಲ್ಲರೂ ಒಂದೇ ಸಲ ತಿರುಗುತ್ತಾರೆ, ಗೇಟು ಮಾತ್ರ ಅಷ್ಟೇ ಅಗಲ. ಅಮ್ಮ ಮಗಳ ಜೊತೆ ಅದರೊಳಗೆ ಸಿಕ್ಕಿಕೊಳ್ಳಬೇಡಿ. ಒಂದೋ ಎರಡು ಹಾಡು ಬಾಕಿ ಇರುವಾಗಲೇ ಎದ್ದುಬಿಡಿ, ಇಲ್ಲವೇ ಪೂರ್ತಿ ಕೇಳಿ ಮುಕ್ಕಾಲು ಗಂಟೆ ಅಲ್ಲೇ ಚಾಪೆ ಮೇಲೆ ಕೂತಿರಿ. ನಿಮ್ಮನ್ನು ಹೋಗಿ ಅನ್ನುವವರೆಗೂ ಕೂರಬಹುದು. ಕಾರು ನಿಲ್ಲಿಸಿದಾಗ ಹತ್ತಿರದ ಕಂಬದ ನಂಬರಿನ ಫೋಟೋ ತೆಗೆದಿಡಿ. ರಾತ್ರಿ ಹೊಲದಲ್ಲಿ ಎಲ್ಲ ಕಾರೂ ಬಿಳಿ ಕಾರೇ. ಬಸ್ಸಾದರೆ ಕೊನೆಯದು ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಬಿಸಿಲಲ್ಲಿ ಬೆವತ ಮೈಗೆ ರಾತ್ರಿ ಬಯಲಲ್ಲಿ ಚಳಿ ಬೇಗ ಹತ್ತುತ್ತದೆ, ಅಮ್ಮನಿಗೊಂದು ಶಾಲು, ಎಲ್ಲರಿಗೂ ಒಂದೊಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟುಕೊಳ್ಳಿ.

ಮುಂದಿನಸಾಲು:

ತಮ್ಮನಿಗೆ ಇಯರ್‌ಪ್ಲಗ್ ಎರಡು ಜೊತೆ ಕೊಡಿ ಅಕ್ಕ. ಒಂದು ಜೊತೆ ಅವನು ಖಂಡಿತ ಬೀಳಿಸಿಕೊಳ್ಳುತ್ತಾನೆ. ಅಲ್ಲಿ ಬಗ್ಗಿ ಎತ್ತುವ ಹಾಗಿಲ್ಲ.